ಬಲೆ ಎತ್ತಿದ ಮೇಲೆ

ಹೊಂಗನೂರಿನ ಜಯಮ್ಮನವರ ಮೊಲಗಳಿಗೆ ಭೇದಿ ಹತ್ತಿತ್ತು. ಒಂದೆರಡು ಸತ್ತೂ ಹೋಗಿದ್ದವು. ಕರುಳಲ್ಲಿ ಪರೋಪಜೀವಿ ಇರಬಹುದೆಂದು ಹಿಕ್ಕೆಯ ಸ್ಯಾಂಪಲ್ ತರಲು ಪಶುವೈದ್ಯನಾದ ನಾನೇ ಹೋದೆ.

"ಹಿಕ್ಕೆ ಮೇವಿಗೆ ತಾಗಬಾರದಮ್ಮ, ಅದರಿಂದಲೇ ಕಾಯಿಲೆ ಹರಡೋದು. ದಿನಾ ನೆಲ ಗುಡಿಸಿ," ಎಂದೆ.

"ಅಷ್ಟೇಯಾ? ಬುಡಿ ಸಾ, ರೇಸ್ಮೆ ಹುಳಕ್ಕೆ ದಿನಾ ಮಾಡೋದೇ ಅಲ್ವಾ?"

ಹುಳದ ಮೇಲೆ ಬಲೆ ಹಾಸಿ ಸೊಪ್ಪು ಹಾಕಿದರೆ, ಹುಳಗಳು ಬಲೆ ತೂರಿ ಮೇಲೆ ಬರುತ್ತವೆ. ಆಮೇಲೆ ಬಲೆ ಎತ್ತಿ ಕೆಳಗಿನ ಕಸ ತೆಗೆಯುತ್ತಾರೆ. ಮೊಲ ತೂರಲಾರದಲ್ಲ? ಜಯಮ್ಮ ಬಲೆಯನ್ನು ನೆಲಕ್ಕೇ ಹಾಸಿ ಸೊಪ್ಪು ಸುರಿದರು. ಮೊಲಗಳೆಲ್ಲ ಮರ್ಯಾದೆಯಾಗಿ ಬಂದು ಕೂತವು.

"ಆ ಕಡೆ ಒಸಿ ಇಡ್ಕಳಿ ಸಾ, ಎತ್ತಾನ."

ಬೇಡ ಎನ್ನಬೇಕಿತ್ತು. ಎತ್ತಿದೆ.

ಹುಳ ನೆಗೆಯುವುದಿಲ್ಲ, ಮೊಲಗಳಿಗೆ ಆ ಸಂಯಮವಿಲ್ಲ. ಒಂದು ನನ್ನ ತಲೆ ದಾಟಿತು, ಒಂದು ಹೆಗಲೇರಿತು, ಇನ್ನೊಂದು ಗಾಬರಿಯಲ್ಲಿ ಎದೆಗೆ ಅಂಟಿಕೊಂಡು ಬಿಡಲೇ ಇಲ್ಲ. ಉಳಿದವನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತರುವಷ್ಟರಲ್ಲಿ ಜಯಮ್ಮ ನೆಲವನ್ನೆಲ್ಲ ಗುಡಿಸಿ, ಹಿಕ್ಕೆಯನ್ನು ತಿಪ್ಪೆಯ ಸಗಣಿಯೊಳಗೆ ಬೆರೆಸಿಬಿಟ್ಟಿದ್ದರು.

"ನೋಡಿ ಸಾ, ಎಂಗೈತೆ ಕ್ಲೀನು!"

ಬರಿಗೈಯಲ್ಲಿ ಚನ್ನಪಟ್ಟಣದ ಬಸ್ಸು ಹತ್ತಿದೆ. ಟಿಕೆಟ್ ಇಡಲು ಅಂಗಿಯ ಜೇಬಿಗೆ ಬೆರಳು ಹಾಕಿದಾಗ ತಿಳಿಯಿತು, ಎದೆಗೆ ಅಂಟಿಕೊಂಡಿದ್ದ ಮೊಲ ನನ್ನ ಕೆಲಸವನ್ನು ತಾನೇ ಮುಗಿಸಿಕೊಟ್ಟಿತ್ತು.

"ಸ್ಯಾಂಪಲ್ ಎಲ್ಲಿ ಸಾರ್?" ಎಂದ ಲ್ಯಾಬಿನವನು.

ಅಂಗಿ ಬಿಚ್ಚಿ ಕೊಟ್ಟೆ.

ಕಾಯಿಲೆ ಪತ್ತೆಯಾಯಿತು, ಔಷಧಿ ಕೊಟ್ಟ ಮೇಲೆ ಮೊಲಗಳು ಸುಧಾರಿಸಿಕೊಂಡವು. ಅಂಗಿ ಇನ್ನೂ ಸುಧಾರಿಸಿಕೊಳ್ಳುತ್ತಿದೆ.