ಮರಿಸಿದ್ದಯ್ಯ ತೋರಿಸಿದ ಪುಟ

ಮರಿಸಿದ್ದಯ್ಯ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದರೆ ನಿಮಗೆ ಅವನ ಮೇಲೆ ಸಿಟ್ಟು ಬರುತ್ತದೆ. ನನಗೂ ಬಂದಿದೆ, ಇನ್ನೂ ಇಳಿದಿಲ್ಲ.

ಗೆಜ್ಜಲಗೆರೆಯ ಹತ್ತಿರ ಬೆಲ್ಲದ ಪುಡಿ ಪ್ಯಾಕ್ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಎಲೆಕ್ಟ್ರಿಷಿಯನ್, ಅವನು ಗುಮಾಸ್ತ. ಅವನ ಊರು ಶಿವನಸಮುದ್ರದ ಕಡೆ. ಅಪ್ಪ ಅಲ್ಲಿನ ಕರೆಂಟು ತಯಾರಿಸುವ ಕೇಂದ್ರದಲ್ಲಿ ಹೆಲ್ಪರ್. ಇಂಜಿನಿಯರುಗಳು ಓದಿ ಬಿಸಾಡಿದ ಇಂಗ್ಲಿಷ್ ಪೇಪರುಗಳನ್ನು ಅಪ್ಪ ಒಲೆ ಹಚ್ಚಲು ತರುತ್ತಿದ್ದ. ಮಗ ಅವು ಒಲೆಗೆ ಬೀಳುವ ಮುಂಚೆ ಓದಿ ಓದಿ ಇಂಗ್ಲಿಷ್ ಕಲಿತ. ಬಿ.ಎ.ಯಲ್ಲಿ ಅರ್ಥಶಾಸ್ತ್ರ ಒಂದು ಮಾತ್ರ ಕೊನೆಗೂ ಪಾಸಾಗಲಿಲ್ಲ. ನಮ್ಮಲ್ಲಿ ಲಾರಿಗಳಿಗೆ ಚೀಟಿ ಬರೆದುಕೊಂಡು ತನ್ನ ಪಾಡಿಗೆ ತಾನಿದ್ದ.

ಯಜಮಾನರು ಜಯಪ್ರಕಾಶ್. ಮೂರು ವರ್ಷದ ಹಿಂದೆ ಮೈಸೂರಿನ ಹೋಟೆಲಿನಲ್ಲಿ ಉದ್ಯಮಿಗಳಿಗೆಂದು ನಡೆದ ಒಂದು ತರಬೇತಿಗೆ ಹೋಗಿ, ಕೈತುಂಬ ಪುಸ್ತಕ ತಂದರು. ನಾಯಕತ್ವದ ಮೇಲೆ, ಹೊಸ ಹೊಸ ಆಲೋಚನೆ ಮಾಡುವುದರ ಮೇಲೆ, ಸ್ವಂತ ಉದ್ದಿಮೆ ಬೆಳೆಸುವುದರ ಮೇಲೆ. ಆಮೇಲೆ ಪ್ರತಿ ತಿಂಗಳೂ ಕೊರಿಯರಿನಲ್ಲಿ ಇನ್ನೊಂದು ಬರುತ್ತಿತ್ತು. ಯಜಮಾನರ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ದಿನಾ ಬೆಳಿಗ್ಗೆ ಮರಿಸಿದ್ದಯ್ಯ ಒಂದು ಅಧ್ಯಾಯ ಓದಿ ಕನ್ನಡದಲ್ಲಿ ಹೇಳಬೇಕು.

"ಏನಯ್ಯಾ, ಇವತ್ತು ಏನಂತದೆ ನಿನ್ ಬುಕ್ಕು?"

ಬುಕ್ಕು ಹೇಳಿದ್ದನ್ನು ಯಜಮಾನರು ಆವತ್ತೇ ಮಾಡಿಬಿಡುತ್ತಿದ್ದರು. ನಾಯಕನಾದವನ ಕೋಣೆಗೆ ಬಾಗಿಲಿರಬಾರದು ಎಂದಿತ್ತು, ಮಧ್ಯಾಹ್ನದೊಳಗೆ ಕ್ಯಾಬಿನ್ನಿನ ಬಾಗಿಲು ಕಳಚಿ ಗೋಡೆಗೆ ಒರಗಿಸಿದ್ದರು. ಇದನ್ನು ನೋಡಿ ಮರಿಸಿದ್ದಯ್ಯನ ತಲೆ ಓಡಿತು.

ಪ್ಯಾಕಿಂಗ್ ಹೆಂಗಸರು ಎಂಟು ಗಂಟೆ ನಿಂತೇ ದುಡಿಯುತ್ತಿದ್ದರು. ಯಲಿಯೂರಿನಿಂದ ಬರುತ್ತಿದ್ದ ಚಿಕ್ಕಬೋರಮ್ಮನ ಕಾಲು ಸಂಜೆಯ ಹೊತ್ತಿಗೆ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಮರಿಸಿದ್ದಯ್ಯ ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದ: "ಕೆಲಸಗಾರರನ್ನು ಕೂರಿಸಿ ತಾನು ನಿಲ್ಲುವವನೇ ನಾಯಕ." ಅಂಥ ಸಾಲು ಆ ಪುಸ್ತಕದಲ್ಲಿ ಇರಲಿಲ್ಲ. ವಾರದಲ್ಲಿ ಬೆಂಚುಗಳು ಬಂದವು. ಆಮೇಲೆ ಫ್ಯಾನು ಬಂತು, ಮಧ್ಯಾಹ್ನಕ್ಕೆ ಮಜ್ಜಿಗೆ ಬಂತು. ಟೀ ಅಂಗಡಿಯಲ್ಲಿ ನನ್ನೊಬ್ಬನಿಗೆ ಗುಟ್ಟು ಹೇಳಿ ನಗುತ್ತಿದ್ದ. ನಾನೂ ನಕ್ಕೆ. ಆ ಮಜ್ಜಿಗೆ ನಾನೂ ಕುಡಿದವನೇ.

ಹೆಂಗಸರಿಗೆ ಇದೊಂದೂ ತಿಳಿಯದು. ಯಾರೋ ಪುಣ್ಯಾತ್ಮರು ಎಲ್ಲೋ ಕೂತು ತಮ್ಮ ಕಷ್ಟ ಕಂಡವರಂತೆ ಬರೆಯುತ್ತಿದ್ದಾರೆ ಎಂದೇ ನಂಬಿದ್ದರು. "ಪುಸ್ತಕದೋರು ತಣ್ಗಿರ್ಲಿ ಕಣಪ್ಪ" ಎಂದು ಚಿಕ್ಕಬೋರಮ್ಮ ಮಜ್ಜಿಗೆ ಲೋಟ ಎತ್ತುವಾಗಲೆಲ್ಲ ಹೇಳುತ್ತಿದ್ದಳು.

ಹೋದ ವರ್ಷ ಯಜಮಾನರ ಮಗಳು ಚಂದನ ಎಂ.ಬಿ.ಎ. ಮುಗಿಸಿ ಬಂದಳು. ಒಂದು ಬೆಳಿಗ್ಗೆ, ಆವತ್ತು ಓದಬೇಕಿದ್ದ ಪುಸ್ತಕದ ಇನ್ನೊಂದು ಪ್ರತಿ ಹಿಡಿದು ಮರಿಸಿದ್ದಯ್ಯನ ಎದುರಿಗೇ ಕೂತಳು. ಯಂತ್ರ ಮಾಡಬಹುದಾದ ಕೆಲಸಕ್ಕೆ ಮನುಷ್ಯರನ್ನು ಇಟ್ಟುಕೊಳ್ಳುವುದು ದುರ್ಬಲ ನಾಯಕನ ಲಕ್ಷಣ, ಎಂದಿತ್ತು ಆ ಅಧ್ಯಾಯ. ಹುಡುಗಿಯ ಬೆರಳು ಸಾಲಿನ ಮೇಲೆಯೇ ಸಾಗುತ್ತಿತ್ತು. ಮರಿಸಿದ್ದಯ್ಯ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದ.

ತಿಂಗಳೊಳಗೆ ಪ್ಯಾಕಿಂಗ್ ಯಂತ್ರ ಬಂತು. ಹನ್ನೆರಡು ಹೆಂಗಸರನ್ನು ಕೆಲಸದಿಂದ ಬಿಡಿಸಬೇಕು. ಯಜಮಾನರು ಆ ಕೆಲಸವನ್ನೂ ಅವನಿಗೇ ಹಚ್ಚಿದರು.

"ನಿನ್ ಮಾತು ಅಂದ್ರೆ ಅವ್ರು ಕೇಳ್ತಾರೆ. ನೀನೇ ಯೋಳ್ಬುಡು."

ಅವನು ಹನ್ನೆರಡು ಜನರ ಮುಂದೆ ನಿಂತಾಗ ನಾನು ಏಣಿಯ ಮೇಲೆ ಫ್ಯಾನು ಬಿಚ್ಚುತ್ತಿದ್ದೆ. ನಾಳೆಯಿಂದ ಕೆಲಸವಿಲ್ಲ ಎಂದದ್ದಕ್ಕೆ ಯಾರೂ ಅಳಲಿಲ್ಲ. ಚಿಕ್ಕಬೋರಮ್ಮ ಒಂದೇ ಮಾತು ಕೇಳಿದಳು.

"ಇದ್ನೂ ಪುಸ್ತಕದೋರೇ ಯೋಳುದ್ರಾ?"

ಮರಿಸಿದ್ದಯ್ಯ ಬೆವರು ಒರೆಸಿಕೊಂಡ. "ಹೂಂ ಕಣಮ್ಮ. ಆದ್ರೆ ಮೂರು ತಿಂಗ್ಳಾದ್ಮೇಲೆ ತಿರ್ಗಾ ಕರೀಬೇಕು ಅಂತಾನೂ ಬರ್ದವ್ರೆ."

ಸುಳ್ಳು ಎಂದು ಗೊತ್ತಿದ್ದೂ ನಾನು ಏಣಿಯ ಮೇಲೆ ಫ್ಯಾನಿನ ಸ್ಕ್ರೂ ತಿರುಗಿಸುತ್ತಲೇ ಇದ್ದೆ.

"ಎಲ್ಲಿ ಬರ್ದವ್ರೆ, ತೋರ್ಸಪ್ಪ."

ಅವನು ಪುಸ್ತಕ ತಂದು ಕೊನೆಯ ಕಡೆ ಯಾವುದೋ ಒಂದು ಪುಟ ತೆರೆದು ಬೆರಳಿಟ್ಟ. ಓದು ಬಾರದ ಚಿಕ್ಕಬೋರಮ್ಮ ಆ ಪುಟದ ಮೂಲೆ ಮಡಿಚಿದಳು. "ಕರ್ಯೋಗಂಟ ಇದು ನನ್ತವೇ ಇರ್ಲಿ" ಎಂದು ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಅದೇ ವಾರ ಹೆದ್ದಾರಿ ಪಕ್ಕದ ಬಟ್ಟೆ ಕಾರ್ಖಾನೆಯೊಂದು ಹೆಂಗಸರನ್ನು ಸೇರಿಸಿಕೊಳ್ಳುತ್ತಿತ್ತು. ಹನ್ನೊಂದು ಜನ ಹೋಗಿ ಸೇರಿದರು. ಚಿಕ್ಕಬೋರಮ್ಮ ಹೋಗಲಿಲ್ಲ. "ಮೂರು ತಿಂಗ್ಳಿಗೆ ಬುಟ್ ಬರೋಳು ಅಲ್ಲಿಗ್ ಸೇರ್ಕಂಡ್ರೆ ಅವ್ರಿಗೆ ಮೋಸ ಮಾಡ್ದಂಗಾಯ್ತದೆ" ಎಂದಳಂತೆ. ಈ ಮಾತು ಕಿವಿಗೆ ಬಿದ್ದ ದಿನ ನಾನು ಮರಿಸಿದ್ದಯ್ಯನನ್ನು ಹಿಡಿದುಕೊಂಡೆ.

"ಲೇ ಮರಿಸಿದ್ದ, ಓಗಿ ನಿಜ ಯೋಳ್ಲಾ. ಅವ್ಳ ಒಟ್ಟೆ ಮೇಲ್ ಒಡೀಬ್ಯಾಡ."

"ನಾಳಿಕ್ ಓಯ್ತೀನಿ ಬುಡ್ಲಾ."

ಆ ನಾಳೆ ಬರಲೇ ಇಲ್ಲ. ನನ್ನ ಬಸ್ಸು ದಿನಾ ಯಲಿಯೂರಿನ ಮೇಲೆಯೇ ಹೋಗುತ್ತದೆ, ನಾನೂ ಇಳಿಯಲಿಲ್ಲ. ಅವನನ್ನು ಬೈಯುವಾಗ ಇದು ನೆನಪಾಗಿ ನನ್ನ ನಾಲಗೆ ಅರ್ಧಕ್ಕೇ ನಿಲ್ಲುತ್ತದೆ.

ಸರಿಯಾಗಿ ಮೂರು ತಿಂಗಳಿಗೆ, ಒಂದು ಸೋಮವಾರ ಬೆಳಿಗ್ಗೆ ಚಿಕ್ಕಬೋರಮ್ಮ ಬಂದಳು. ಯಾರೂ ಕರೆದಿರಲಿಲ್ಲ. ಎಣ್ಣೆ ಹಾಕಿ ತಲೆ ಬಾಚಿದ್ದಳು, ಕೈಯಲ್ಲಿ ಊಟದ ಡಬ್ಬಿ ಇತ್ತು. ಮೂರು ತಿಂಗಳು ಸಿಕ್ಕ ಸಿಕ್ಕ ಕಡೆ ಕಳೆ ಕಿತ್ತು, ಮೈ ಅರ್ಧಕ್ಕೆ ಇಳಿದಿತ್ತು. ಕ್ಯಾಬಿನ್ನಿಗೆ ಬಾಗಿಲಿಲ್ಲವಲ್ಲ, ನೇರ ಒಳಗೆ ಹೋಗಿ, ಅಪ್ಪನ ಕುರ್ಚಿಯಲ್ಲಿ ಕೂತಿದ್ದ ಚಂದನಳ ಮುಂದೆ ಪುಸ್ತಕ ಇಟ್ಟಳು. ರಟ್ಟಿಗೆ ಕುಂಕುಮ ಹತ್ತಿತ್ತು, ದೇವರ ಗೂಡಿನಲ್ಲಿ ಇಟ್ಟಿದ್ದಳು ಎಂದು ಕಾಣುತ್ತದೆ. ಮರಿಸಿದ್ದಯ್ಯ ಪಕ್ಕದಲ್ಲೇ ನಿಂತಿದ್ದ. ನಾನು ಸ್ವಿಚ್ಚು ಬದಲಿಸುತ್ತಿದ್ದವನು ಕೈ ನಿಲ್ಲಿಸಿದೆ.

"ಮಡಿಚಿರೋ ಪುಟ್ದಲ್ಲಿ ಬರ್ದದೆ ಕಣವ್ವ. ಗಟ್ಟಿಯಾಗ್ ಓದು."

ಚಂದನ ಆ ಪುಟ ಓದಿ, ಮರಿಸಿದ್ದಯ್ಯನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕನ್ನಡದಲ್ಲಿ ಹೇಳಿದಳು. "ಇದು ಬರೆದವರು ಥ್ಯಾಂಕ್ಸ್ ಹೇಳಿರೋ ಪುಟ ಅಮ್ಮ. ಹೆಂಡ್ತಿಗೆ, ಇಬ್ಬರು ಮಕ್ಕಳಿಗೆ, ತಿದ್ದಿಕೊಟ್ಟ ಸ್ನೇಹಿತರಿಗೆ. ಬರೆಯುವಾಗ ಕಾಲ ಹತ್ರ ಮಲಗಿರ್ತಿದ್ದ ನಾಯಿಗೆ."

"ನಮ್ದು?"

"ನಿಮ್ಮ ವಿಷಯ ಏನೂ ಇಲ್ಲ."

ಚಿಕ್ಕಬೋರಮ್ಮ ಮರಿಸಿದ್ದಯ್ಯನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ. ಬಟ್ಟೆ ಕಾರ್ಖಾನೆಯಲ್ಲಿ ಅಷ್ಟು ಹೊತ್ತಿಗೆ ಜನ ಸಾಕಾಗಿ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದ್ದರು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಾಯಿ ಎಸ್ರು ಬರ್ದವ್ರಾ?" ಎಂದು ಚಂದನಳನ್ನು ಕೇಳಿದಳು.

"ಹೂಂ, ಬರೆದಿದ್ದಾರೆ."

ಚಿಕ್ಕಬೋರಮ್ಮ ಮಡಿಚಿದ್ದ ಮೂಲೆಯನ್ನು ಉಗುರಿನಿಂದ ತೀಡಿ ನೆಟ್ಟಗೆ ಮಾಡಿದಳು. ಪುಸ್ತಕ ಮುಚ್ಚಿ, ಊಟದ ಡಬ್ಬಿ ಎತ್ತಿಕೊಂಡು ಬಸ್ಸಿಗೆ ಹೋದಳು.