ತಾನೇ ಒಣಗ್ತದೆ ಬುಡು

ಪಕ್ಕದ ಮನೆಯ ಯಜಮಾನರನ್ನು ನಾವೆಲ್ಲ ದೊಡ್ಡಪ್ಪ ಅನ್ನುತ್ತಿದ್ದೆವು. ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ ಕಾಯಿಯನ್ನು ಯಾರಾದರೂ ಮುಟ್ಟಿದರೆ ಸಿಡುಕುವರು: "ಕೈ ಹಾಕ್ಬ್ಯಾಡ ಕಣ್ಲಾ, ತಾನೇ ಒಣಗ್ತದೆ ಬುಡು." ವರ್ಷವಾದ ಮೇಲೆ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುವರು. ಒಣಗಿದ ಕೊಬ್ಬರಿ ಒಳಗೆ ಗಡಗಡ ಸದ್ದು ಮಾಡಿದರೆ ಮಾತ್ರ ಸುಲಿಯುವರು.

ಹಾಗೆ ಸುಲಿಯುವಾಗ ಮಟ್ಟೆಯ ಚೂರೊಂದು ಸಿಡಿದು ಅವರ ಕಣ್ಣಿಗೆ ಬಡಿಯಿತು. ಬಟ್ಟೆ ಕಟ್ಟಿಕೊಂಡು ಗಾಯಕ್ಕೂ ಅದೇ ಮಾತು ಹೇಳಿದರು: "ತಾನೇ ಒಣಗ್ತದೆ ಬುಡು." ಕೆಲವು ದಿನ ಬಿಟ್ಟು, "ನೋವು ಇಳಿದೈತೆ ಕಣಪ್ಪ" ಅಂದಾಗ ನಾನೇ ಬಟ್ಟೆ ಸರಿಸಿ ನೋಡಿದೆ. ಕಪ್ಪುಗುಡ್ಡೆಯ ಮೇಲೆ ಬಿಳಿ ಹುಣ್ಣು! ಬೈಕಿಗೆ ಹತ್ತಿಸಿಕೊಂಡು ತಿಪಟೂರಿಗೆ ಹೊರಟೆ.

ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿ ಹೇಳಿದರು: "ಗಾಯದಲ್ಲಿ ಸತ್ತದ್ದನ್ನ ತೆಗೆಯೋಕೆ ಕಣ್ಣೇ ಕಿಣ್ವ ಬಿಡುತ್ತೆ. ಅದಿಲ್ಲದೆ ಗಾಯ ಮಾಯೋದಿಲ್ಲ. ಸೋಂಕು ಸೇರಿ ಈಗ ಅದಕ್ಕೆ ತಡೆಯೇ ಇಲ್ಲ, ಕಪ್ಪುಗುಡ್ಡೆಯ ಮೇಲಿನ ಚೆನ್ನಾಗಿರೋ ಪದರವನ್ನೂ ಕರಗಿಸ್ತಿದೆ. ಕಾಗದದಷ್ಟು ತೆಳ್ಳಗೆ ಉಳಿದಿದೆ. ತೂತಾದ್ರೆ ಕಣ್ಣು ಹೋಯ್ತು. ಉಜ್ಜಬೇಡಿ, ಜೋರಾಗಿ ಕೆಮ್ಮಲೂಬೇಡಿ."

ದೊಡ್ಡಪ್ಪ ಉಸಿರು ಬಿಗಿಹಿಡಿದು ಕೂತರು. ಗಂಟೆಗೊಮ್ಮೆ ಔಷಧಿಯ ಹನಿಯನ್ನು ನಾನೇ ಬಿಡುತ್ತಿದ್ದೆ.

ಕಣ್ಣು ಉಳಿಯಿತು, ಬಿಳಿ ಕಲೆ ಮಾತ್ರ ಹಾಗೇ ನಿಂತಿತು. ಆಮೇಲೊಮ್ಮೆ ಅಟ್ಟದಲ್ಲಿ ಕಾಯಿಯೊಂದನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾ ಅಂದರು: "ಇದಾದ್ರೆ ಸದ್ದು ಮಾಡಿ ಹೇಳ್ತದೆ ಕಣಪ್ಪ. ಕಣ್ಣು ಸುಮ್ಗೇ ಕರಗ್ತಿತ್ತು."