ಅವಾಲಿಯವರೆಗೆ ಒಂದು ತಾಲೀಮು

ಡಿಸೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ನಾನೂ ಮಗಳು ದೀಕ್ಷಾಳೂ ಹೂರಾದ ನಮ್ಮ ಫ್ಲ್ಯಾಟಿನಿಂದ ಹೊರಟೆವು. ಕಾರಿನ ಕೀಲಿಯನ್ನು ಬೇಕೆಂದೇ ಫ್ರಿಜ್ಜಿನ ಮೇಲೆ ಬಿಟ್ಟಿದ್ದೆ. ಮನಾಮಾ ಬಸ್ ನಿಲ್ದಾಣದವರೆಗೆ ನಡಿಗೆ, ಅಲ್ಲಿಂದ ಈಸಾ ಟೌನಿಗೆ ಒಂದು ಬಸ್ಸು, ಅಲ್ಲಿ ಇಳಿದು ಅವಾಲಿಗೆ ಇನ್ನೊಂದು. ಬಹರೈನಿನಲ್ಲೇ ಹುಟ್ಟಿ ಹತ್ತೊಂಬತ್ತು ವರ್ಷ ಬೆಳೆದ ಹುಡುಗಿ ಅದುವರೆಗೆ ಒಮ್ಮೆಯೂ ಬಸ್ಸು ಹತ್ತಿರಲಿಲ್ಲ. ಶಾಲೆಗೆ ವ್ಯಾನು, ಉಳಿದೆಲ್ಲದಕ್ಕೂ ನಾನು.

ಜನವರಿಯಲ್ಲಿ ಅವಳು ಜಪಾನಿ ಭಾಷೆ ಕಲಿಯಲು ಟೋಕಿಯೋಗೆ ಹೋಗುವವಳಿದ್ದಳು. ಶಾಲೆಯ ಪಕ್ಕದ ಹಾಸ್ಟೆಲ್ಲಿನ ಬಾಡಿಗೆ ಕೇಳಿಯೇ ನಮ್ಮ ಎದೆ ಧಸಕ್ಕೆಂದಿತ್ತು. ರೈಲಿನಲ್ಲಿ ಒಂದು ಗಂಟೆ ದೂರದ ಕೋಣೆಗೆ ಅದರ ಅರ್ಧಕ್ಕಿಂತ ಕಡಿಮೆ. ತಿಂಗಳ ರೈಲು ಪಾಸು ಸೇರಿಸಿದರೂ ಅದೇ ಅಗ್ಗ. ಯಾವುದು ಬೇಕೆಂದು ಆ ಶುಕ್ರವಾರ ಸಂಜೆಯೊಳಗೆ ಶಾಲೆಗೆ ತಿಳಿಸಬೇಕಿತ್ತು. ದೀಕ್ಷಾ ದೂರದ್ದೇ ಸಾಕು ಎನ್ನುತ್ತಿದ್ದಳು. ಹಾಸ್ಟೆಲ್ಲೇ ಇರಲಿ, ಹೇಗಾದರೂ ಹೊಂದಿಸುತ್ತೇನೆ ಎಂದು ನಾನು ಹಟ ಹಿಡಿದಿದ್ದೆ. ತಮಾಷೆಯೆಂದರೆ ಇಪ್ಪತ್ತಾರು ವರ್ಷದ ಹಿಂದೆ ಅದೇ ಊರಿನಲ್ಲಿ ಅದೇ ಭಾಷೆ ಕಲಿಯಲು ಹೋದಾಗ ನಾನೂ ದೂರದ ಕೋಣೆಯನ್ನೇ ಹಿಡಿದಿದ್ದೆ.

ನನ್ನ ಹೆಂಡತಿ ಶೈಲಜಾ ಅದನ್ನೇ ಹಿಡಿದು ಜಗ್ಗಿದಳು. "ನೀವು ಹೋಗಬಹುದು, ಅವಳು ಹೋಗಬಾರದಾ? ಇದು ಎಂಥ ನ್ಯಾಯ?"

ಕೊನೆಗೆ ಒಂದು ಒಪ್ಪಂದವಾಯಿತು. ದೀಕ್ಷಾ ಬಸ್ಸಿನಲ್ಲಿ ಅವಾಲಿಗೆ ಹೋಗಿ, ಅಲ್ಲಿ ಒಂದು ಚಾ ಕುಡಿದು, ಬಸ್ಸಿನಲ್ಲೇ ಮನೆಗೆ ಬರಬೇಕು. ಅವಳು ಮುಂದಿನ ಸೀಟು, ನಾನು ಹಿಂದಿನದು. ಮಾತಿಲ್ಲ, ಫೋನಿಲ್ಲ. ಸರಿಯಾಗಿ ಬಂದರೆ ದೂರದ ಕೋಣೆ.

"ನಾನು ಅಲ್ಲಿ ಇಲ್ಲ ಅಂತಲೇ ತಿಳ್ಕೋ," ಎಂದೆ. "ಹಿಂದೆ ತಿರುಗಿ ನೋಡ್ಬೇಡ. ನಂಗೆ ಕಾಯ್ಲೂಬೇಡ. ಅಲ್ಲಿ ರೈಲು ಯಾರಿಗೂ ಕಾಯುದಿಲ್ಲ."

"ಆಯ್ತು ಪಪ್ಪಾ. ನೀವು ಫಾಲೋ ಮಾಡ್ತೀರಲ್ಲ, ಅದೇ ದೊಡ್ಡ ಪ್ರಾಬ್ಲಮ್," ಎಂದು ನಕ್ಕಳು.

ಮನಾಮಾದಲ್ಲಿ ಬಸ್ಸು ಹತ್ತಿ ನನ್ನ ಪಾಲಿನ ಮುನ್ನೂರು ಫಿಲ್ಸ್ ಕೊಟ್ಟು ಕೊನೆಯ ಸಾಲಿನಲ್ಲಿ ಕುಳಿತೆ. ಇಲ್ಲಿ ಶುಕ್ರವಾರ ರಜೆಯಾದ್ದರಿಂದ ಜನ ಕಡಿಮೆ. ಸಮವಸ್ತ್ರದ ಇಬ್ಬರು ಸೆಕ್ಯುರಿಟಿಯವರು, ತರಕಾರಿ ಚೀಲದ ಒಬ್ಬ ಬಂಗಾಳಿ, ಮುಂದೆ ನನ್ನ ಮಗಳ ಜಡೆ. ಈಸಾ ಟೌನಿನವರೆಗೆ ಆ ಜಡೆಯಿಂದ ಕಣ್ಣು ಕೀಳಲಿಲ್ಲ. ಅಲ್ಲಿ ಅವಳು ಇಳಿದು, ಬೋರ್ಡು ಓದಿ, ತಪ್ಪು ಬಸ್ಸಿನ ಬಾಗಿಲವರೆಗೆ ಹೋದಾಗ ನನ್ನ ಬಾಯಿ ತೆರೆದೇಬಿಟ್ಟಿತ್ತು. ಅಷ್ಟರಲ್ಲಿ ಅವಳು ಡ್ರೈವರನನ್ನು ಕೇಳಿ ಪಕ್ಕದ ಬಸ್ಸಿಗೆ ಹತ್ತಿದಳು. ನಾನು ತಲೆ ತಗ್ಗಿಸಿ ಕಳ್ಳನ ಹಾಗೆ ಹಿಂದಿನಿಂದ ಹತ್ತಿದೆ.

ಜೇಬಿನಲ್ಲಿ ನನ್ನ ಹಳೆಯ ರೈಲು ಪಾಸಿತ್ತು. ಅವಧಿ ಮುಗಿದು ಕಾಲು ಶತಮಾನವಾದರೂ ಪ್ಲಾಸ್ಟಿಕ್ ಕವರಿನೊಳಗೆ ಹಾಗೇ ಇದೆ. ಅದನ್ನು ಮಾಡಿಸಲು ಹೋದ ದಿನ ಚೆನ್ನಾಗಿ ನೆನಪಿದೆ. ವಿದ್ಯಾರ್ಥಿ ರಿಯಾಯಿತಿ ಸಿಕ್ಕೇ ಸಿಗುತ್ತದೆಂದು ಶಾಲೆಯ ಗುರುತಿನ ಚೀಟಿಯನ್ನು ಜಂಭದಿಂದ ಮುಂದೆ ಚಾಚಿದ್ದೆ. ಕೌಂಟರಿನವರು ಎರಡು ಸಲ ತಲೆಬಾಗಿ, ನಮ್ಮದು ಖಾಸಗಿ ಭಾಷಾ ಶಾಲೆಯಾದ್ದರಿಂದ ಆ ರಿಯಾಯಿತಿ ಸಲ್ಲುವುದಿಲ್ಲವೆಂದು ನಿಧಾನವಾಗಿ ಹೇಳಿದರು. ಕೆಲಸಕ್ಕೆ ಹೋಗುವವರ ಮಾಮೂಲಿ ಪಾಸನ್ನೇ ಕೊಂಡೆ. ಮುಖ ಸಣ್ಣದಾಗಿತ್ತು. ಆದರೆ ಆ ಪಾಸಿನ ಗುಟ್ಟು ಆಮೇಲೆ ತಿಳಿಯಿತು: ಮನೆಗೂ ಶಾಲೆಗೂ ನಡುವಿನ ಯಾವ ನಿಲ್ದಾಣದಲ್ಲಿ ಎಷ್ಟು ಸಲ ಇಳಿದರೂ ಬೇರೆ ಕಾಸು ಕೊಡಬೇಕಿಲ್ಲ. ನಡುವೆ ಹದಿನೆಂಟು ನಿಲ್ದಾಣ. ಪ್ರತಿ ಭಾನುವಾರ ಒಂದೊಂದರಲ್ಲಿ ಇಳಿದೆ. ಒಂದು ಕಡೆ ನದಿಯ ದಂಡೆಯಲ್ಲಿ ಮುದುಕರು ಗಾಳ ಹಾಕುತ್ತಿದ್ದರು. ಇನ್ನೊಂದು ಕಡೆ ಬಿಸಿಬಿಸಿ ಆಲೂಗಡ್ಡೆ ಬೋಂಡದಂಥದ್ದು ಮಾರುವ ಹೆಂಗಸು ನನ್ನ ಮುರುಕು ಭಾಷೆಯನ್ನು ತಿದ್ದುತ್ತಾ ಒಂದು ಹೆಚ್ಚಿಗೆ ಕೊಡುತ್ತಿದ್ದರು. ಆ ಊರಿನಲ್ಲಿ ನನಗೆ ಸಿಕ್ಕ ಸುಖವೆಲ್ಲ ಆ ಪಾಸಿನೊಳಗೇ ಇತ್ತು. ಹಾಸ್ಟೆಲ್ಲಿನಲ್ಲಿದ್ದಿದ್ದರೆ ಒಂದೂ ಸಿಗುತ್ತಿರಲಿಲ್ಲ.

ರೈಲಿನಲ್ಲಿ ಎಲ್ಲರೂ ನಿದ್ದೆ ಮಾಡುತ್ತಿದ್ದರು, ತಮ್ಮ ನಿಲ್ದಾಣ ಬಂದಾಗ ಯಾರೋ ತಟ್ಟಿ ಎಬ್ಬಿಸಿದಂತೆ ಎದ್ದು ಇಳಿಯುತ್ತಿದ್ದರು. ಎರಡು ತಿಂಗಳಲ್ಲಿ ನನಗೂ ಅದು ಬಂದುಬಿಟ್ಟಿತ್ತು. ಆ ವಿದ್ಯೆಯ ಬಗ್ಗೆ ನಾನು ಮನೆಯಲ್ಲಿ ಕೊಚ್ಚಿಕೊಂಡದ್ದು ಕಡಿಮೆಯೇನಲ್ಲ.

ರಿಫಾ ದಾಟುವಾಗ ಕಿಟಕಿಯಿಂದ ಎಳೆ ಬಿಸಿಲು ಮೈಮೇಲೆ ಬೀಳುತ್ತಿತ್ತು. ಒಂದು ಕ್ಷಣ ಕಣ್ಣು ಮುಚ್ಚೋಣ, ಅವಾಲಿ ಬಂದಾಗ ತಾನಾಗಿ ಎಚ್ಚರಾಗುತ್ತದೆ ಎಂದುಕೊಂಡೆ.

"ಭಾಯಿ, ಲಾಸ್ಟ್ ಸ್ಟಾಪ್ ಹೈ," ಎಂದು ಡ್ರೈವರು ಭುಜ ಅಲುಗಿಸುತ್ತಿದ್ದ. ಬಸ್ಸು ಖಾಲಿ. ಹೊರಗೆ ಬಯಲು, ಎಣ್ಣೆಯ ಪೈಪುಗಳು, ಒಂದು ತಂತಿ ಬೇಲಿ. ಮುಂದಿನ ಸೀಟಿನಲ್ಲಿ ಜಡೆ ಇಲ್ಲ. ಒಪ್ಪಂದ ಮುರಿದು ಫೋನು ಮಾಡಿದೆ. ಅವಳು ಎತ್ತಲಿಲ್ಲ. ಫೋನಿಲ್ಲ ಎಂದವನು ನಾನೇ. ಆ ಬಸ್ಸೇ ವಾಪಸು ಹೊರಡಲು ನಲವತ್ತು ನಿಮಿಷವಿತ್ತು. ಅಷ್ಟು ಹೊತ್ತು ಬಿಸಿಲಿನಲ್ಲಿ ಅತ್ತಿಂದಿತ್ತ ನಡೆದೆ. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಅವಾಲಿಯ ನಿಲ್ದಾಣದಲ್ಲಿ ಅವಳಿರಲಿಲ್ಲ. ಕೆಳಗಿಳಿದು ಎದುರಿನ ಸಣ್ಣ ಅಂಗಡಿಗೆ ಓಡಿ ಮಗಳ ಬಗ್ಗೆ ವಿಚಾರಿಸಿದೆ. ಅಂಗಡಿಯವರು ಕಾಸರಗೋಡಿನ ಕಡೆಯವರು, ನನ್ನ ಮುಖ ನೋಡಿಯೇ ಕನ್ನಡದಲ್ಲಿ ಮಾತಾಡಿದರು.

"ಉದ್ದ ಜಡೆಯ ಹುಡುಗಿಯಾ? ಅದು ಚಾ ಕುಡಿದು ಆಗಲೇ ಬಸ್ಸಲ್ಲಿ ಹೋಯ್ತಲ್ಲ."

"ಒಬ್ಬಳೇ?"

"ಒಬ್ಬಳೇ." ಅವರು ನನ್ನ ಅಂಗಿಯನ್ನೊಮ್ಮೆ ನೋಡಿದರು. "ನೀಲಿ ಶರ್ಟಿನವರು ಬರ್ತಾರೆ, ಅವರಿಗೂ ಒಂದು ಚಾ ಕೊಡಿ ಅಂತ ದುಡ್ಡು ಕೊಟ್ಟು ಹೋಗಿದೆ. ಕೂತ್ಕೊಳ್ಳಿ."

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಚಾ ಕುಡಿದೆ. ಏಲಕ್ಕಿ ಹೆಚ್ಚಾಗಿತ್ತು. ಕಣ್ಣಲ್ಲಿ ನೀರು ಬಂತು, ತಪ್ಪನ್ನು ಚಾದ ಬಿಸಿಯ ಮೇಲೆ ಹಾಕಿದೆ.

ಮನೆ ತಲುಪಿದಾಗ ಎರಡು ಗಂಟೆ. ದೀಕ್ಷಾ ಊಟ ಮುಗಿಸಿ ಕುಳಿತಿದ್ದಳು. ಶೈಲಜಾ ಒಳಗಿನಿಂದಲೇ, "ಬಂದ್ರಾ ಟೋಕಿಯೋದವರು?" ಎಂದಳು.

"ನಾನು ಮಲಗಿದ್ದು ಕಂಡಿತ್ತಾ ನಿಂಗೆ?" ಎಂದು ಮಗಳನ್ನು ಕೇಳಿದೆ.

"ಇಳಿಯುವಾಗ ಕಂಡಿತು ಪಪ್ಪಾ. ಎಬ್ಬಿಸ್ಬೇಕು ಅಂತ ಎರಡು ಹೆಜ್ಜೆ ಬಂದೆ ಕೂಡ." ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತಾ ಹೇಳಿದಳು. "ಆದ್ರೆ ನೀವು ಅಲ್ಲಿ ಇಲ್ಲ ಅಂತ ತಿಳ್ಕೊಬೇಕಿತ್ತಲ್ಲ. ಅಲ್ಲಿ ಹೋದ್ಮೇಲೆ ನೀವು ನಿಜವಾಗ್ಲೂ ಇರುದಿಲ್ಲ."

ಊಟಕ್ಕೆ ಮೊದಲೇ ಕುಳಿತು, ದೂರದ ಕೋಣೆಯೇ ಬೇಕೆಂದು ಬರೆದು ಕಳಿಸಿದೆ. ಆಮೇಲೆ ಪ್ಲಾಸ್ಟಿಕ್ ಕವರಿನಿಂದ ನನ್ನ ಹಳೆಯ ಪಾಸನ್ನು ತೆಗೆದು ಜೇಬಿಗೆ ಹಾಕಿಕೊಂಡು, "ನಿನ್ನ ಪಾಸಿಗೆ," ಎಂದು ಖಾಲಿ ಕವರನ್ನು ಅವಳ ಕೈಗೆ ಕೊಟ್ಟೆ.